ನೀರಿನ ಕೆಲಸ ಬಿಡುವ ಡೈವರನಿಗೆ ಎನ್‌ಡಿಟಿ ತರಬೇತಿ: ಹುಬ್ಬಳ್ಳಿಯ ಒಂದು ಕೇಂದ್ರದಲ್ಲಿ ಕಂಡದ್ದು

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ, ಒಂದು ಫೌಂಡ್ರಿಯ ಹಿಂದಿನ ಕಟ್ಟಡದ ಮೊದಲ ಮಹಡಿಯಲ್ಲಿ ನಡೆಯುವ ಎನ್‌ಡಿಟಿ ತರಬೇತಿ ಕೇಂದ್ರಕ್ಕೆ ಕಳೆದ ವರ್ಷ ನಾನು ಎಂಟು ವಾರಾಂತ್ಯ, ಆಮೇಲೆ ಮತ್ತೆ ಮೂರು ಭಾನುವಾರ, ಗದಗಿನಿಂದ ರೈಲಿನಲ್ಲಿ ಹೋಗಿ ಬಂದೆ. ವಸ್ತುವನ್ನು ಒಡೆಯದೆ, ಕೊಯ್ಯದೆ ಅದರೊಳಗಿನ ಬಿರುಕು, ಟೊಳ್ಳು, ಸವೆತಗಳನ್ನು ಪತ್ತೆ ಹಚ್ಚುವ ಪರೀಕ್ಷೆಗಳಿಗೆ ಒಟ್ಟಾಗಿ ಎನ್‌ಡಿಟಿ ಎನ್ನುತ್ತಾರೆ. ಅಲ್ಲಿಗೆ ಕಲಿಯಲು ಬರುವವರಲ್ಲಿ ಹೆಚ್ಚಿನವರು ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ಹುಡುಗರು. ನಾನು ಹೋದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಹದಿನಾರು ವರ್ಷ ಕಮರ್ಷಿಯಲ್ ಡೈವರ್ ಆಗಿ, ಅಂದರೆ ನೀರೊಳಗೆ ಮುಳುಗಿ ಕೈಗಾರಿಕೆಯ ಕೆಲಸ ಮಾಡುವವನಾಗಿ, ದುಡಿದ ಮೇಲೆ. ಆದ್ದರಿಂದ ಈ ವಿಮರ್ಶೆಯನ್ನು ಮುಖ್ಯವಾಗಿ ನನ್ನಂತೆ ನೀರಿನ ಕೆಲಸ ಬಿಟ್ಟು ಹೆಚ್ಚು ಸುರಕ್ಷಿತವಾದ ದುಡಿಮೆಯನ್ನು ಹುಡುಕುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಕೇಂದ್ರದ ಕುಂದುಗಳನ್ನೂ ಹೇಳಬೇಕಾಗಿರುವುದರಿಂದ ಹೆಸರನ್ನು ಬಿಟ್ಟಿದ್ದೇನೆ. ಇಂತಹ ಯಾವುದೇ ಕೇಂದ್ರಕ್ಕೆ ಸೇರುವ ಮೊದಲು ಏನನ್ನು ಕೇಳಬೇಕು ಎಂಬುದು ಹೆಸರಿಗಿಂತ ಮುಖ್ಯವೆಂದು ನನಗೆ ಅನಿಸಿದೆ.

ನಾನು ಕೆಲಸ ಬಿಟ್ಟ ಕಾರಣವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಆಯ್ಕೆಗಳು ಅದರ ಮೇಲೆಯೇ ನಿಂತಿವೆ. ನನ್ನ ತಾಯಿಯ ತವರು ಮುಂಡರಗಿ ತಾಲ್ಲೂಕಿನ ಹಮ್ಮಿಗಿ. ಅಲ್ಲಿನ ತುಂಗಭದ್ರೆಯಲ್ಲಿ ಈಜು ಕಲಿತು, ಗದಗಿನಲ್ಲಿ ಫಿಟ್ಟರ್ ಐಟಿಐ ಮುಗಿಸಿ, ಮುಂಬಯಿಗೆ ಹೋಗಿ ಡೈವಿಂಗ್ ಸೇರಿದವನು ನಾನು. ಅರಬ್ಬಿ ಸಮುದ್ರದ ಮುಂಬಯಿ ಹೈ ತೈಲಕ್ಷೇತ್ರದ ಪ್ಲಾಟ್‌ಫಾರ್ಮ್‌ಗಳ ಕಾಲುಗಳಿಗೆ ಅಂಟಿದ ಚಿಪ್ಪುಗಳನ್ನು ಕೆರೆಯುವುದು, ಬೆಸುಗೆಗಳನ್ನು ಪರೀಕ್ಷಿಸುವುದು, ಉಕ್ಕು ತುಕ್ಕು ಹಿಡಿಯದಂತೆ ಜೋಡಿಸಿದ ಅನೋಡುಗಳು ಸವೆದಿವೆಯೇ ಎಂದು ನೋಡುವುದು, ಇವೇ ನನ್ನ ಕೆಲಸಗಳಾಗಿದ್ದವು. ಮೇಲಿನಿಂದ ಹೋಸಿನಲ್ಲಿ ಗಾಳಿ ಬರುವ ಹೆಲ್ಮೆಟ್ ಡೈವಿಂಗಿಗೆ 50 ಮೀಟರ್ ಮಿತಿ. ಅದಕ್ಕಿಂತ ಆಳಕ್ಕೆ ಹೀಲಿಯಂ ಬೆರೆಸಿದ ಅನಿಲ ಮತ್ತು ವಾರಗಟ್ಟಲೆ ಒತ್ತಡ ತುಂಬಿದ ಚೇಂಬರಿನಲ್ಲೇ ವಾಸವಿರುವ ಸ್ಯಾಚುರೇಶನ್ ಡೈವಿಂಗ್ ಬೇಕು. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತ ಹೋಗುವುದರಿಂದ 40 ಮೀಟರ್ ಆಳದಲ್ಲಿ ಮೈಮೇಲೆ ಇರುವುದು ನೆಲದ ಮೇಲಿನ ಐದು ಪಟ್ಟು ಒತ್ತಡ. ಆ ಒತ್ತಡದಲ್ಲಿ ರಕ್ತಮಾಂಸಗಳಲ್ಲಿ ಕರಗಿದ ನೈಟ್ರೋಜನ್, ಮೇಲೆ ಬರುವಾಗ ನಿಧಾನವಾಗಿ ಹೊರಬೀಳಬೇಕು, ಅವಸರವಾದರೆ ಗುಳ್ಳೆಗಟ್ಟುತ್ತದೆ. ಕೀಲುನೋವು, ಪಾರ್ಶ್ವವಾಯು, ಕೆಲವೊಮ್ಮೆ ಸಾವು ಬರುವುದು ಅದರಿಂದಲೇ. ನನಗೆ ಹಾಗೆ ತಟ್ಟನೆ ಏನೂ ಆಗಲಿಲ್ಲ. ಆದರೆ ಎರಡು ವರ್ಷದ ಹಿಂದೆ ಬಲ ಸೊಂಟದಲ್ಲಿ ನೋವು ಕಾಣಿಸಿಕೊಂಡು, ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿದಾಗ ತೊಡೆಯೆಲುಬಿನ ಮೇಲ್ತುದಿಯ ದುಂಡು ಭಾಗಕ್ಕೆ ರಕ್ತದ ಪೂರೈಕೆ ಕುಂದಿ ಎಲುಬು ಸಾಯಲು ಆರಂಭವಾಗಿದೆ ಎಂದು ತಿಳಿಯಿತು. ಡೈವರುಗಳಲ್ಲಿ ಈ ರೋಗ ತೊಡೆ ಮತ್ತು ಭುಜದ ಎಲುಬಿನ ತುದಿಗಳಿಗೆ ಬರುತ್ತದೆ ಎಂಬುದು ವೈದ್ಯರಿಗೆ ಬಹಳ ಕಾಲದಿಂದ ಗೊತ್ತಿರುವ ಸಂಗತಿ. ಇನ್ನು ಒತ್ತಡದ ಕೆಳಗೆ ಹೋಗಬಾರದೆಂದು ಡಾಕ್ಟರು ಹೇಳಿದರು. ಮನೆಯಾಕೆ ಒಂದೇ ಮಾತು ಹೇಳಿದಳು: “ರೊಕ್ಕ ಕಡಿಮಿ ಬರ್ಲಿ, ನೀವು ನಡದಾಡ್ಕೋಂತ ಇದ್ರ ಸಾಕ್ರಿ.”

ಅದಕ್ಕೂ ಹಿಂದೆ ಒಂದು ಅಣೆಕಟ್ಟಿನ ತೂಬಿನ ಕೆಲಸದಲ್ಲಿ ಕಂಡದ್ದೂ ನನ್ನ ಮನಸ್ಸನ್ನು ತಿರುಗಿಸಿತ್ತು. ಒಳನಾಡಿನ ಡೈವಿಂಗ್ ಸಮುದ್ರದ್ದಕ್ಕಿಂತ ಸುಲಭ ಎಂದು ಹೊರಗಿನವರು ತಿಳಿಯುತ್ತಾರೆ. ಆದರೆ ಗೇಟಿನ ಎರಡು ಬದಿಯ ನೀರಿನ ಮಟ್ಟದಲ್ಲಿ ಹತ್ತು ಮೀಟರ್ ವ್ಯತ್ಯಾಸವಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಬೀಳುತ್ತದೆ. 30 ಸೆಂಟಿಮೀಟರ್ ವ್ಯಾಸದ ಒಂದು ರಂಧ್ರದ ಬಾಯಿಗೆ ಮನುಷ್ಯ ಅಂಟಿಕೊಂಡರೆ ಅವನನ್ನು ಎಳೆಯುವ ಬಲ ಹತ್ತಿರಹತ್ತಿರ 700 ಕಿಲೋ ಆಗುತ್ತದೆ. ಕೈ ಸಿಕ್ಕರೂ ಬಿಡಿಸಿಕೊಳ್ಳಲು ಸಾಧ್ಯವಿಲ್ಲ, ಮೇಲಿನವರು ಹಗ್ಗ ಎಳೆದರೂ ಪ್ರಯೋಜನವಿಲ್ಲ. ಎರಡೂ ಬದಿಯ ನೀರು ಸಮವಾಗುವ ತನಕ ಕಾಯಬೇಕು. ಅಂದು ಮುಚ್ಚಿದೆ ಎಂದು ಹೇಳಿದ್ದ ಗೇಟು ನಾಲ್ಕು ಬೆರಳಿನಷ್ಟು ತೆರೆದಿತ್ತು. ನನ್ನ ಬೂಟಿನ ಬಳಿಯ ಕೆಸರು ಒಂದೇ ದಿಕ್ಕಿಗೆ ಓಡುತ್ತಿರುವುದು ಟಾರ್ಚಿನ ಬೆಳಕಿನಲ್ಲಿ ಕಂಡದ್ದರಿಂದ ನಾನು ಹಿಂದೆ ಸರಿದೆ. ಕ್ಷಣಗಳ ಅಂತರದಲ್ಲಿ ಉಳಿದೆ.

ಹೀಗೆ ನೀರಿನಿಂದ ಮೇಲೆ ಬರಬೇಕೆಂದು ನಿಶ್ಚಯಿಸಿದ ಡೈವರನಿಗೆ ಇರುವ ದಾರಿಗಳನ್ನು ನಾನು ಆರು ತಿಂಗಳು ವಿಚಾರಿಸಿದೆ. ಎಲ್ಲಕ್ಕಿಂತ ಹತ್ತಿರದ ದಾರಿ ಡೈವ್ ಸೂಪರ್‌ವೈಸರ್ ಆಗುವುದು. ಅದಕ್ಕೆ ಅಂತರರಾಷ್ಟ್ರೀಯ ಸಾಗರ ಗುತ್ತಿಗೆದಾರರ ಸಂಘವಾದ ಐಎಂಸಿಎಯ ಟ್ರೇನಿ ಸೂಪರ್‌ವೈಸರ್ ಕೋರ್ಸು, ಕಂಟ್ರೋಲ್ ಪ್ಯಾನೆಲಿನ ಮುಂದೆ ಕುಳಿತ ಗಂಟೆಗಳ ದಾಖಲೆ ಮತ್ತು ಪರೀಕ್ಷೆ ಬೇಕು. ಆ ಕುರ್ಚಿಯಲ್ಲಿ ಕುಳಿತವನ ಮೈ ಒಣಗಿರುತ್ತದೆ ನಿಜ, ಆದರೆ ಇನ್ನೊಬ್ಬನ ಜೀವ ಅವನ ಕೈಯಲ್ಲಿರುತ್ತದೆ, ಮನೆಯಿಂದ ದೂರವಿರುವುದೂ ತಪ್ಪುವುದಿಲ್ಲ. ಸ್ಯಾಚುರೇಶನ್ ಚೇಂಬರಿನ ಅನಿಲ, ತಾಪ, ತೇವಗಳನ್ನು ಕಾಯುವ ಲೈಫ್ ಸಪೋರ್ಟ್ ಟೆಕ್ನಿಶಿಯನ್ ಕೆಲಸವೂ ಇಂತಹದೇ. ನೀರೊಳಗೆ ಯಂತ್ರವನ್ನು ಇಳಿಸಿ ಮೇಲಿನಿಂದ ನಡೆಸುವ ಆರ್‌ಒವಿ ಪೈಲಟ್ ಆಗಲು ಎಲೆಕ್ಟ್ರಾನಿಕ್ಸ್ ಮತ್ತು ಹೈಡ್ರಾಲಿಕ್ಸ್ ಚೆನ್ನಾಗಿ ಬರಬೇಕು. ಮೂವತ್ತರ ಒಳಗಿನ ಡೈವರನಿಗೆ ಇದನ್ನೇ ನಾನು ಮೊದಲು ಹೇಳುತ್ತೇನೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರನ್ನು ಸ್ಕೂಬಾ ಡೈವಿಂಗಿಗೆ ಕರೆದೊಯ್ಯುವ ಕೆಲಸವನ್ನು ಕೆಲವರು ಸೂಚಿಸಿದರು. ಅದೂ ಒತ್ತಡದ ಕೆಳಗಿನ ಕೆಲಸವೇ ಆದ್ದರಿಂದ ನನಗೆ ಆಗುವಂತಿರಲಿಲ್ಲ, ಮಳೆಗಾಲದಲ್ಲಿ ಅದು ನಿಂತೂ ಹೋಗುತ್ತದೆ. ಕಾರ್ಖಾನೆಯ ಸೇಫ್ಟಿ ಆಫೀಸರ್ ಹುದ್ದೆಗೆ ಪದವಿ ಅಥವಾ ಡಿಪ್ಲೊಮಾದ ಮೇಲೆ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಕೇಳುತ್ತಾರೆ. ಐಟಿಐ ಮಾತ್ರ ಓದಿದವನಿಗೆ ಅದು ದೂರದ ಹಾದಿ. ಹಗ್ಗದ ಮೇಲೆ ತೂಗಾಡಿ ಕೆಲಸ ಮಾಡುವ ರೋಪ್ ಆಕ್ಸೆಸ್ ನನ್ನ ಸೊಂಟಕ್ಕೆ ಒಗ್ಗುವುದಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. ಹುಬ್ಬಳ್ಳಿಯಲ್ಲಿ ವಿದೇಶಿ ಉದ್ಯೋಗ ಕೊಡಿಸುವುದಾಗಿ ಹೇಳುವ ಒಂದು ಕಚೇರಿಯವರು ಗಲ್ಫಿನಲ್ಲಿ ಸೇಫ್ಟಿ ಸೂಪರ್‌ವೈಸರ್ ಕೆಲಸವಿದೆಯೆಂದು ನನ್ನಿಂದ 85,000 ರೂಪಾಯಿ ಕೇಳಿದರು, ನೋಂದಣಿಯ ಹೆಸರಿನಲ್ಲಿ 5,000 ರೂಪಾಯಿ ಪಡೆದೂ ಬಿಟ್ಟರು. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶಕ್ಕೆ ಜನರನ್ನು ಕಳಿಸುವ ಏಜೆಂಟರಿಗೆ ಸರಕಾರದ ನೋಂದಣಿ ಇರಬೇಕು. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಯ ಮಿತಿಯಿದೆ. ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿದಾಗ ಆ ಕಚೇರಿಯ ಹೆಸರೇ ಇರಲಿಲ್ಲ. ನನ್ನ ಐದು ಸಾವಿರ ಹೋಯಿತು. ಓದುವವರು ಮೊದಲೇ ಹುಡುಕಿ ನೋಡಲಿ ಎಂದು ಬರೆದಿದ್ದೇನೆ.

ಎನ್‌ಡಿಟಿ ನನ್ನ ಮನಸ್ಸಿಗೆ ಬಂದದ್ದು ಎರಡು ಕಾರಣಗಳಿಂದ. ಹುಬ್ಬಳ್ಳಿಯಲ್ಲಿ ವಾಲ್ವ್ ತಯಾರಿಸುವ ಕಾರ್ಖಾನೆಗಳು, ಅವುಗಳಿಗೆ ಎರಕ ಹೊಯ್ದು ಕೊಡುವ ಫೌಂಡ್ರಿಗಳು ಬಹಳ ಇವೆ. ಎಣ್ಣೆ, ಅನಿಲ, ಉಗಿಯ ಪೈಪುಗಳಿಗೆ ಹೋಗುವ ವಾಲ್ವುಗಳನ್ನು ಪರೀಕ್ಷಿಸದೆ ಯಾರೂ ಕೊಳ್ಳುವುದಿಲ್ಲ. ಎರಡನೆಯ ಕಾರಣ ತುಂಗಭದ್ರೆಯದು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ನಮ್ಮ ಭಾಗದ ರೈತರೆಲ್ಲ ದಿಗಿಲುಬಿದ್ದರು. ಅಂದು ನನ್ನ ಮಾವನ ಮನೆಯಲ್ಲಿ ಎಲ್ಲರೂ ನನ್ನನ್ನೇ ಕೇಳುತ್ತಿದ್ದರು, ನೀರಿಗಿಳಿದು ಅದನ್ನು ಹೇಗೆ ಕೂರಿಸುತ್ತಾರೆಂದು. ನನಗೆ ಅನಿಸಿದ್ದು ಬೇರೆ: ನೀರಿಗಿಳಿಯುವ ಹೊತ್ತು ಬರುವುದಕ್ಕೆ ಮುಂಚೆ, ಒಣಗಿದ ಕಾಲದಲ್ಲಿ, ಗೇಟಿನ ತಗಡು ಎಷ್ಟು ಸವೆದಿದೆ, ಚೈನಿನ ಕೊಂಡಿಗಳಲ್ಲಿ ಬಿರುಕಿದೆಯೇ ಎಂದು ಅಳೆಯುವವರು ಬೇಕು. ಆ ಅಳತೆಯೇ ಎನ್‌ಡಿಟಿ.

ಕೇಂದ್ರದ ಶುಲ್ಕ ಮೂರು ವಿಧಾನಗಳಿಗೆ, ಅಂದರೆ ಕಿವಿಗೆ ಕೇಳದ ಧ್ವನಿಯಿಂದ ಒಳಗನ್ನು ಅಳೆಯುವ ಅಲ್ಟ್ರಾಸಾನಿಕ್, ಉಕ್ಕನ್ನು ಕಾಂತವಾಗಿಸಿ ಕಬ್ಬಿಣದ ಪುಡಿಯಿಂದ ಬಿರುಕು ತೋರಿಸುವ ಮ್ಯಾಗ್ನೆಟಿಕ್ ಪಾರ್ಟಿಕಲ್ ಮತ್ತು ಬಣ್ಣದ ದ್ರವದಿಂದ ತೋರಿಸುವ ಪೆನೆಟ್ರಂಟ್ ಪರೀಕ್ಷೆಗಳಿಗೆ ಸೇರಿ, 28,000 ರೂಪಾಯಿ. ಎರಡು ಕಂತಿನಲ್ಲಿ ಕಟ್ಟಲು ಒಪ್ಪಿದರು. ಶನಿವಾರ, ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ನಡುವೆ ಒಂದು ಗಂಟೆ ಊಟಕ್ಕೆ ಬಿಡುವು. ಕೊಠಡಿಯಲ್ಲಿ ಸೆಕೆ ಹೆಚ್ಚು, ಊಟಕ್ಕೆ ಎದುರಿನ ಖಾನಾವಳಿಯ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಸಾಕು. ಆ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ.

ಕಲಿಸಿದವರು ಬ್ಯಾಡಗಿ ಕಡೆಯ ಒಬ್ಬ ಹೆಣ್ಣುಮಗಳು, ಒಂದು ವಾಲ್ವ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಈ ಕೇಂದ್ರಕ್ಕೆ ನಾನು ಕೊಡುವ ಒಳ್ಳೆಯ ಮಾತುಗಳಲ್ಲಿ ಮುಕ್ಕಾಲು ಪಾಲು ಅವರಿಗೇ ಸಲ್ಲಬೇಕು. ಅಲ್ಟ್ರಾಸಾನಿಕ್ ಪಾಠದ ಮೊದಲ ದಿನ ಅವರು ಉಕ್ಕಿನ ಒಂದು ಮಾಪನದ ಗಟ್ಟಿಯನ್ನು ಮೇಜಿನ ಮೇಲಿಟ್ಟರು. ವಿ-1 ಬ್ಲಾಕ್ ಎಂದು ಅದರ ಹೆಸರು, ದಪ್ಪ ಸರಿಯಾಗಿ 25 ಮಿಲಿಮೀಟರ್. ಧ್ವನಿಯನ್ನು ಕಳಿಸಿ ಮರಳಿ ಹಿಡಿಯುವ ಪ್ರೋಬನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಉಕ್ಕಿನ ಮೇಲೆ ಇಟ್ಟೆ, ಪರದೆಯಲ್ಲಿ ಏನೂ ಮೂಡಲಿಲ್ಲ. “ಅಣ್ಣಾರ, ಜೆಲ್ ಮರ್ತ್ರಿ” ಎಂದರು. ಆಗ ನನಗೆ ಹೊಳೆಯಿತು: ಹದಿನಾರು ವರ್ಷ ನಾನು ಜೆಲ್ ಇಲ್ಲದೆಯೇ ಈ ಕೆಲಸ ಮಾಡಿದ್ದೆ, ಏಕೆಂದರೆ ಸಮುದ್ರದಲ್ಲಿ ನೀರೇ ಜೆಲ್. ಪ್ರೋಬಿಗೂ ಉಕ್ಕಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಧ್ವನಿಯ ಕಂಪನ ಅಲ್ಲಿಂದಲೇ ಹಿಂದಿರುಗುತ್ತದೆ, ಉಕ್ಕಿನೊಳಗೆ ಹೋಗುವುದಿಲ್ಲ. ಜೆಲ್ ಹಚ್ಚಿ ಮತ್ತೆ ಇಟ್ಟಾಗ ಪರದೆಯ ಮೇಲೆ 25, 50, 75, 100ರ ಗುರುತುಗಳಲ್ಲಿ ಒಂದರ ಹಿಂದೊಂದು ನಾಲ್ಕು ಶಿಖರಗಳು ಎದ್ದು ನಿಂತವು, ಮುಂದಿನದು ಹಿಂದಿನದಕ್ಕಿಂತ ಗಿಡ್ಡ. ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5,900 ಮೀಟರ್ ವೇಗದಲ್ಲಿ ಹೋದ ಧ್ವನಿ ತಳಕ್ಕೆ ತಾಗಿ ಮರಳಿ, ಮತ್ತೆ ತಾಗಿ ಮರಳಿದ ಲೆಕ್ಕ ಅದು.

ಆ ಶಿಖರಗಳನ್ನು ನೋಡುತ್ತ ನಾನು ಬಹಳ ಹೊತ್ತು ಸುಮ್ಮನೆ ನಿಂತಿದ್ದೆ. ನೀರೊಳಗೆ ಬೆಸುಗೆ ಪರೀಕ್ಷಿಸುವಾಗ ನಮ್ಮ ತಂಡದಲ್ಲಿ ಪ್ರೋಬ್ ಹಿಡಿಯುವವನು ಡೈವರ್, ಪರದೆ ನೋಡುವವರು ಹಡಗಿನ ಮೇಲಿನ ಇನ್‌ಸ್ಪೆಕ್ಷನ್ ಕಂಟ್ರೋಲರ್. ಹೆಲ್ಮೆಟಿನ ಸ್ಪೀಕರಿನಲ್ಲಿ “ಸ್ವಲ್ಪ ಎಡಕ್ಕೆ, ನಿಲ್ಲಿಸು, ಮತ್ತೆ ಹಿಂದಕ್ಕೆ” ಎಂದು ಅವರು ಹೇಳುತ್ತಿದ್ದರು, ಕಣ್ಣೆದುರು ಕತ್ತಲಿರುವಾಗ ನಾನು ಕೈಯಲ್ಲೇ ಬೆಸುಗೆಯ ಉಬ್ಬನ್ನು ತಡವಿ ಪ್ರೋಬ್ ಸರಿಸುತ್ತಿದ್ದೆ. ಅವರು ಏನು ಕಂಡು ನಿಲ್ಲಿಸು ಎನ್ನುತ್ತಿದ್ದರೋ ಅದು ಇಷ್ಟು ವರ್ಷದ ಮೇಲೆ ಗೋಕುಲ ರಸ್ತೆಯ ಮಹಡಿಯಲ್ಲಿ ನನಗೆ ಕಾಣಿಸಿತು. ಹುಡುಗರಿಗೆ ಪ್ರೋಬನ್ನು ಒಂದೇ ಒತ್ತಡದಲ್ಲಿ ಹಿಡಿದು ಸಾಲಾಗಿ ಎಳೆಯುವುದು ಕಷ್ಟವಾಗುತ್ತಿತ್ತು, ನನಗೆ ಅದು ಮೊದಲ ದಿನವೇ ಬಂತು. ನನಗೆ ಕಷ್ಟವಾದದ್ದು ಲೆಕ್ಕ. 12 ಮಿಲಿಮೀಟರ್ ತಗಡಿನಲ್ಲಿ 60 ಡಿಗ್ರಿ ಓರೆಯಾಗಿ ಧ್ವನಿ ಕಳಿಸುವ ಪ್ರೋಬಿನ ಕಿರಣ ಕೆಳಗೆ ತಾಗಿ ಮತ್ತೆ ಮೇಲೆ ಬರುವುದು ಎಷ್ಟು ದೂರದಲ್ಲಿ? ದಪ್ಪದ ಎರಡು ಪಟ್ಟನ್ನು ಆ ಕೋನದ ಟ್ಯಾನ್ ಬೆಲೆಯಿಂದ ಗುಣಿಸಿದರೆ ಸುಮಾರು 41.6 ಮಿಲಿಮೀಟರ್. ಬೆಸುಗೆಯಿಂದ ಅಷ್ಟು ದೂರದೊಳಗೆ ಪ್ರೋಬ್ ಹಿಂದೆ ಮುಂದೆ ಆಡಬೇಕು. ಹತ್ತನೆಯ ತರಗತಿಯ ತ್ರಿಕೋನಮಿತಿಯನ್ನು ನನ್ನ ಮಗಳೇ ರಾತ್ರಿ ಕುಳಿತು ನನಗೆ ಮತ್ತೆ ಹೇಳಿಕೊಟ್ಟಳು. ಬಹಳ ವರ್ಷ ಓದು ಬಿಟ್ಟ ಡೈವರ್ ಸೇರುವುದಾದರೆ ಒಂದು ತಿಂಗಳು ಮೊದಲೇ ಈ ಲೆಕ್ಕವನ್ನು ಮೆಲುಕು ಹಾಕುವುದು ಒಳ್ಳೆಯದು.

ಪೆನೆಟ್ರಂಟ್ ಪರೀಕ್ಷೆ ಎಲ್ಲಕ್ಕಿಂತ ಸರಳ, ಆದರೆ ಅಚ್ಚುಕಟ್ಟು ಬೇಕು. ಕೆಳಗಿನ ಫೌಂಡ್ರಿಯಿಂದ ತಂದ ವಾಲ್ವಿನ ಎರಕದ ತುಂಡೊಂದನ್ನು ಚೆನ್ನಾಗಿ ಒರೆಸಿ, ಕೆಂಪು ಬಣ್ಣದ ದ್ರವವನ್ನು ಸಿಂಪಡಿಸಿ, ಹತ್ತು ನಿಮಿಷ ಬಿಟ್ಟೆವು. ಆಮೇಲೆ ಬಟ್ಟೆಗೆ ಕ್ಲೀನರ್ ಹಾಕಿ ಒರೆಸಬೇಕು. ನೇರವಾಗಿ ಎರಕದ ಮೇಲೆಯೇ ಸಿಂಪಡಿಸಿದರೆ ಬಿರುಕಿನೊಳಗೆ ಇಳಿದ ಬಣ್ಣವೂ ತೊಳೆದುಹೋಗುತ್ತದೆ. ಅವಸರದ ಒಬ್ಬ ಹುಡುಗ ಅದೇ ತಪ್ಪು ಮಾಡಿದ, ಅವನ ತುಂಡು ನಿರ್ದೋಷಿಯಾಗಿ ಕಂಡಿತು. ಮೇಡಂ ಅವನನ್ನು ಬೈಯದೆ, ಅದೇ ತುಂಡನ್ನು ಇನ್ನೊಮ್ಮೆ ಸರಿಯಾಗಿ ಮಾಡಿಸಿದರು. ಬಣ್ಣವನ್ನು ಹೀರಿ ತೋರಿಸುವ ಬಿಳಿಯ ಡೆವಲಪರ್ ಹಚ್ಚಿ ಕೆಲವು ನಿಮಿಷ ಕಳೆದಾಗ ಫ್ಲ್ಯಾಂಜಿನ, ಅಂದರೆ ಬೋಲ್ಟ್ ಹಾಕುವ ಅಂಚಿನ, ಬುಡದಲ್ಲಿ ಕೆಂಪನೆಯ ಗೆರೆಯೊಂದು ನಿಧಾನವಾಗಿ ಮೇಲೆದ್ದು ಬಂತು. ಬೆಟಗೇರಿಯಲ್ಲಿ ನನ್ನ ತಂದೆಯ ಮಗ್ಗದ ಬಿಳಿ ಹಾಸಿನಲ್ಲಿ ಒಂದು ಕೆಂಪು ಎಳೆ ತಪ್ಪಿ ಸೇರಿದರೆ ಅವರು ಬೆರಳಿಟ್ಟು ತೋರಿಸುತ್ತಿದ್ದರು. ಅಷ್ಟೇ ಸ್ಪಷ್ಟವಾಗಿತ್ತು ಆ ಗೆರೆ. ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆಯನ್ನು ನಾನು ನೀರೊಳಗೆ ಮಾಡಿದ್ದೆನಾದ್ದರಿಂದ ಹೊಸದೇನೂ ಇರಲಿಲ್ಲ. ಅದಕ್ಕೆ ಬಳಸುವ ವಿದ್ಯುತ್ಕಾಂತವಾದ ಎಸಿ ಯೋಕ್ 4.5 ಕಿಲೋ ತೂಕದ ಉಕ್ಕನ್ನು ಎತ್ತಿ ಹಿಡಿಯುತ್ತದೆಯೇ ಎಂದು ಮೊದಲು ನೋಡಿಕೊಂಡೇ ಕೆಲಸ ಆರಂಭಿಸಬೇಕೆಂದು ಅವರು ಪ್ರತಿ ಸಲವೂ ಒತ್ತಾಯಿಸಿದ್ದು ನನಗೆ ಮೆಚ್ಚುಗೆಯಾಯಿತು.

ಇನ್ನು ಕುಂದುಗಳು. ಹದಿನೆಂಟು ಜನರಿಗೆ ಅಲ್ಟ್ರಾಸಾನಿಕ್ ಯಂತ್ರ ಎರಡೇ, ಅದರಲ್ಲಿ ಒಂದರ ಬ್ಯಾಟರಿ ಮಧ್ಯಾಹ್ನದ ಹೊತ್ತಿಗೆ ಇಳಿದುಹೋಗುತ್ತಿತ್ತು. ನಿಜವಾದ ದೋಷಗಳಿರುವ ಬೆಸುಗೆಯ ಮಾದರಿಗಳು ಐದು ಮಾತ್ರ. ಮೂರನೆಯ ವಾರಕ್ಕೆ ಯಾವ ತುಂಡಿನಲ್ಲಿ ಎಲ್ಲಿ ದೋಷವಿದೆ ಎಂಬುದು ಹುಡುಗರಿಗೆ ಬಾಯಿಪಾಠವಾಗಿತ್ತು. ಬಾಗಿಲ ಮೇಲಿನ ಫಲಕದಲ್ಲಿ ನೂರಕ್ಕೆ ನೂರು ಉದ್ಯೋಗ ಎಂದು ಬರೆದಿದ್ದಾರೆ. ಕೊನೆಗೆ ಕೊಟ್ಟದ್ದು ನಾಲ್ಕು ಕಾರ್ಖಾನೆಗಳ ದೂರವಾಣಿ ಸಂಖ್ಯೆ ಅಷ್ಟೇ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಗಂಟೆಗಳ ವಿಷಯ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಮೆರಿಕದ ಎನ್‌ಡಿಟಿ ಸಂಸ್ಥೆಯ ಎಸ್‌ಎನ್‌ಟಿ-ಟಿಸಿ-1ಎ ಎಂಬ ಶಿಫಾರಸಿನ ಆಧಾರದ ಮೇಲೆ ಈ ಪ್ರಮಾಣಪತ್ರಗಳನ್ನು ಕೊಡುತ್ತಾರೆ. ಪರೀಕ್ಷಿಸುವವರಿಗೆ ಅದರಲ್ಲಿ ಲೆವೆಲ್ ಒಂದು, ಎರಡು, ಮೂರು ಎಂಬ ಮೆಟ್ಟಿಲುಗಳಿವೆ, ಮೂರು ಎಲ್ಲಕ್ಕಿಂತ ಮೇಲಿನದು. ಅದರಂತೆ ಅಲ್ಟ್ರಾಸಾನಿಕ್ ತರಬೇತಿ ಲೆವೆಲ್ ಒಂದಕ್ಕೆ 40 ಗಂಟೆ, ಎರಡಕ್ಕೆ ಮತ್ತೆ 40 ಗಂಟೆ. ಮ್ಯಾಗ್ನೆಟಿಕ್ ಪರೀಕ್ಷೆಗೆ 12 ಮತ್ತು 8. ಪೆನೆಟ್ರಂಟಿಗೆ 4 ಮತ್ತು 8. ಎಲ್ಲ ಕೂಡಿದರೆ 112 ಗಂಟೆ. ಎಂಟು ವಾರಾಂತ್ಯದ ಹದಿನಾರು ದಿನ, ದಿನಕ್ಕೆ ಏಳು ಗಂಟೆಯಂತೆ ಹಿಡಿದರೆ ಲೆಕ್ಕ ಸರಿಯಾಗಿ ಕೂಡುತ್ತದೆ. ಆದರೆ ಒಂದು ಭಾನುವಾರ ವಿದ್ಯುತ್ ಇರಲಿಲ್ಲ, ಎರಡು ಶನಿವಾರ ಮಧ್ಯಾಹ್ನವೇ ಬಿಟ್ಟರು, ಬೆಳಗಿನ ತರಗತಿ ಹಲವು ಸಲ ತಡವಾಗಿ ಆರಂಭವಾಯಿತು. ಡೈವಿಂಗಿನ ಅಭ್ಯಾಸದಿಂದ ನಾನು ಪ್ರತಿದಿನದ ಆರಂಭ, ಮುಕ್ತಾಯಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಎಂಟನೆಯ ವಾರದ ಕೊನೆಗೆ ಕೂಡಿದಾಗ 94 ಗಂಟೆಯಾಗಿತ್ತು. ಪ್ರಮಾಣಪತ್ರದ ಕರಡಿನಲ್ಲಿ ಮಾತ್ರ 112 ಎಂದು ಅಚ್ಚಾಗಿತ್ತು.

ಡೈವರನ ಲಾಗ್‌ಬುಕ್ಕಿನಲ್ಲಿ ಆಳ, ಬಾಟಮ್ ಟೈಮ್ (ಇಳಿಯಲು ಆರಂಭಿಸಿದಾಗಿನಿಂದ ಮೇಲಕ್ಕೆ ಹೊರಡುವ ತನಕದ ಹೊತ್ತು), ಮೇಲೆ ಬಂದ ವಿಧಾನ ಎಲ್ಲವನ್ನೂ ಬರೆದು ಸೂಪರ್‌ವೈಸರ್ ಸಹಿ ಮಾಡುತ್ತಾನೆ. ಅಲ್ಲಿ ಐದು ನಿಮಿಷ ಕಡಿಮೆ ಬರೆದರೆ ಒತ್ತಡವನ್ನು ನಿಧಾನವಾಗಿ ಇಳಿಸಲು ಚೇಂಬರಿನಲ್ಲಿ ಇರಬೇಕಾದ ಹೊತ್ತು ಕಡಿಮೆಯಾಗುತ್ತದೆ, ಆ ತಪ್ಪಿನ ಸಾಲವನ್ನು ಎಲುಬು ತೀರಿಸಬೇಕಾಗುತ್ತದೆ. ನನ್ನ ಸೊಂಟದಲ್ಲಿ ಸಾಯುತ್ತಿರುವ ಎಲುಬು ಯಾವ ದಿನದ ಯಾವ ನಿಮಿಷದ್ದೋ ನನಗೆ ತಿಳಿಯದು, ಆದರೆ ಬರೆದ ಗಂಟೆ ನಿಜವಾಗಿರಬೇಕೆಂಬ ವಿಷಯದಲ್ಲಿ ನಾನು ಸಡಿಲವಾಗಲಾರೆ. ಪುಸ್ತಕವನ್ನು ಹಿಡಿದು ಕಚೇರಿಗೆ ಹೋದೆ. ನಡೆಸುವವರು ಮೊದಲು “ಯಾರು ನೋಡ್ತಾರ್ರೀ ಇದನ್ನ?” ಎಂದರು. ಮೇಡಂ ನನ್ನ ಪರವಾಗಿ ನಿಂತರು. ಕೊನೆಗೆ ಮೂರು ಭಾನುವಾರ, ದಿನಕ್ಕೆ ಆರು ಗಂಟೆಯಂತೆ ಹದಿನೆಂಟು ಗಂಟೆಯ ಅಲ್ಟ್ರಾಸಾನಿಕ್ ಅಭ್ಯಾಸವನ್ನು ಕೊಟ್ಟರು. ಬಂದವರು ನಾವು ನಾಲ್ವರು. ಉಳಿದ ಹದಿನಾಲ್ಕು ಹುಡುಗರು ಮೊದಲೇ ಕಾಗದ ಪಡೆದು ಹೋಗಿದ್ದರು. ಆ ಮೂರು ಭಾನುವಾರಗಳಲ್ಲಿ, ನಾಲ್ವರಿಗೆ ಎರಡು ಯಂತ್ರವಿದ್ದಾಗ, ನಾನು ಕಲಿತದ್ದು ಹಿಂದಿನ ಎಂಟು ವಾರಗಳಲ್ಲಿ ಕಲಿತದ್ದಕ್ಕೆ ಸಮ. ಆ ಹದಿನಾಲ್ವರಿಗೂ ಅದು ಸಿಗಬೇಕಿತ್ತು.

ಕಾಗದದ ಬಗ್ಗೆ ಇನ್ನೂ ಒಂದು ಸಂಗತಿಯನ್ನು ಕೇಂದ್ರದವರು ಮೊದಲೇ ಹೇಳುವುದಿಲ್ಲ. ತರಬೇತಿಯ ಗಂಟೆ ಮುಗಿದು ಪರೀಕ್ಷೆ ಪಾಸಾದ ಮಾತ್ರಕ್ಕೆ ಲೆವೆಲ್ ಎರಡು ಪೂರ್ತಿಯಾಗುವುದಿಲ್ಲ. ಸಾಮಾನ್ಯ, ವಿಶೇಷ, ಪ್ರಾಯೋಗಿಕ ಎಂಬ ಮೂರು ಪರೀಕ್ಷೆಗಳಲ್ಲಿ ತಲಾ ಕನಿಷ್ಠ 70, ಸರಾಸರಿ 80 ಅಂಕ ಬೇಕು, ಅದು ಸರಿ. ಅದರ ಜೊತೆಗೆ ಅಲ್ಟ್ರಾಸಾನಿಕ್‌ನಲ್ಲಿ ಲೆವೆಲ್ ಒಂದಕ್ಕೆ 210 ಗಂಟೆ, ಲೆವೆಲ್ ಎರಡಕ್ಕೆ 630 ಗಂಟೆ ಕೆಲಸದ ಅನುಭವವೂ ದಾಖಲಾಗಬೇಕು. ಮೇಲಾಗಿ ಇದು ಉದ್ಯೋಗದಾತರ ಪ್ರಮಾಣೀಕರಣ. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದರೆ ಅಲ್ಲಿನ ಲೆವೆಲ್ ಮೂರರ ಅಧಿಕಾರಿ ಮತ್ತೆ ಪರೀಕ್ಷಿಸಬಹುದು. ಕಂಪನಿ ಬದಲಾದರೂ ಜೊತೆಗೆ ಬರುವಂತಹ ಕಾಗದ ಬೇಕಾದವರು ಐಎಸ್‌ಒ 9712 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸ್ವತಂತ್ರ ಸಂಸ್ಥೆ ನಡೆಸುವ ಪರೀಕ್ಷೆಗೆ ಕುಳಿತುಕೊಳ್ಳಬೇಕು, ಅದಕ್ಕೆ ಖರ್ಚು ಹೆಚ್ಚು. ನನ್ನ ಹಳೆಯ ಲಾಗ್‌ಬುಕ್ಕುಗಳಲ್ಲಿ ನೀರೊಳಗಿನ ಅಲ್ಟ್ರಾಸಾನಿಕ್ ಕೆಲಸ ಸಹಿಯೊಂದಿಗೆ ದಾಖಲಾಗಿತ್ತು. ಅದನ್ನು ಅನುಭವಕ್ಕೆ ಸೇರಿಸಬಹುದೇ ಎಂದು ಕೇಂದ್ರದಲ್ಲಿ ಯಾರಿಗೂ ಹೇಳಲು ಬರಲಿಲ್ಲ. ಈಗ ನಾನಿರುವ ಕಾರ್ಖಾನೆಯ ಲೆವೆಲ್ ಮೂರರ ಅಧಿಕಾರಿ ಪುಟಪುಟವಾಗಿ ನೋಡಿ ಒಂದು ಭಾಗವನ್ನು ಒಪ್ಪಿಕೊಂಡರು. ಆದ್ದರಿಂದ ಡೈವರುಗಳು ತಮ್ಮ ಹಳೆಯ ಲಾಗ್‌ಬುಕ್ಕುಗಳನ್ನು ಅಟ್ಟದ ಮೇಲೆ ಎಸೆಯದೆ ಜೋಪಾನವಾಗಿಡಬೇಕು.

ಎಕ್ಸ್-ರೇ ವಿಧಾನವಾದ ರೇಡಿಯೋಗ್ರಫಿಯನ್ನೂ ಸೇರಿಸಿಕೊಳ್ಳಿರೆಂದು ಕೇಂದ್ರದವರು ಹೇಳಿದರು, ಸಂಬಳ ಹೆಚ್ಚೆಂದರು. ಹೊರಗಿನ ಕೆಲಸಗಳಲ್ಲಿ ಇರಿಡಿಯಂ-192ರಂತಹ ವಿಕಿರಣ ಮೂಲವನ್ನು ಬಳಸುವ ಆ ಕೆಲಸಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿವೆ, ಎದೆಯ ಮೇಲೆ ಅಳತೆಯ ಬ್ಯಾಡ್ಜ್ ಇರುತ್ತದೆ, ನಿಯಮದಂತೆ ಮಾಡುವವರು ಸುರಕ್ಷಿತವಾಗಿಯೇ ಇದ್ದಾರೆ. ಆದರೂ ಕಣ್ಣಿಗೆ ಕಾಣದ ಒಂದು ಅಪಾಯದಿಂದ ಹೊರಬಂದ ಮೈಯನ್ನು ಕಾಣದ ಇನ್ನೊಂದರ ಮುಂದೆ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ.

ತರಬೇತಿ ಮುಗಿದ ಎರಡು ತಿಂಗಳಿಗೆ, ಮೇಡಂ ಹೇಳಿದ ಒಂದು ಮಾತಿನ ಮೇಲೆ, ತಾರಿಹಾಳದ ಒಂದು ವಾಲ್ವ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 24,000 ರೂಪಾಯಿ. ಸಮುದ್ರದಲ್ಲಿ ಇದನ್ನು ನಾನು ಒಂದು ವಾರದೊಳಗೆ ದುಡಿಯುತ್ತಿದ್ದೆ, ಆ ಇಳಿತವನ್ನು ಮುಚ್ಚಿಡುವುದಿಲ್ಲ. ಮನೆಸಾಲವಿರುವ ಡೈವರ್ ಕೆಲಸ ಬಿಡುವ ಮುನ್ನ ಕನಿಷ್ಠ ಒಂದು ವರ್ಷದ ಖರ್ಚನ್ನು ಕೈಯಲ್ಲಿಟ್ಟುಕೊಂಡಿರಬೇಕು. ಆದರೆ ಈಗ ಪ್ರತಿ ಸಂಜೆ ಮನೆ ಸೇರುತ್ತೇನೆ, ಮೆಟ್ಟಿಲು ಹತ್ತುವಾಗ ಮಾತ್ರ ಸೊಂಟ ನೋಯುತ್ತದೆ. 630 ಗಂಟೆಗಳು ತುಂಬಿದ ಮೇಲೆ ಇಂಗ್ಲೆಂಡಿನ ಬೆಸುಗೆ ಸಂಸ್ಥೆಯಾದ ಟಿಡಬ್ಲ್ಯುಐ ನಡೆಸುವ ಸಿಎಸ್‌ಡಬ್ಲ್ಯುಐಪಿ 3.4ಯು ಪರೀಕ್ಷೆಗೆ, ಅಂದರೆ ಹಡಗಿನ ಮೇಲೆ ಒಣಗಿದ ಕುರ್ಚಿಯಲ್ಲಿ ಕುಳಿತು ಡೈವರನಿಗೆ “ಎಡಕ್ಕೆ, ನಿಲ್ಲಿಸು” ಎನ್ನುವ ಕಂಟ್ರೋಲರ್ ಪರೀಕ್ಷೆಗೆ, ಕುಳಿತುಕೊಳ್ಳುವ ಆಸೆಯಿದೆ.

ಈ ಕೇಂದ್ರಕ್ಕೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಲಿಸುವವರಿಗೆ ಪ್ರತ್ಯೇಕವಾಗಿ ಅಂಕ ಕೊಡಬಹುದಾದರೆ ಐದಕ್ಕೆ ಐದು. ಸೇರುವವರು ಗಂಟೆಗಳನ್ನು ಮೊದಲ ದಿನದಿಂದಲೇ ತಾವೇ ಬರೆದಿಟ್ಟುಕೊಳ್ಳಲಿ, ಒಂದು ಯಂತ್ರಕ್ಕೆ ಎಷ್ಟು ಜನ ಎಂದು ಶುಲ್ಕ ಕಟ್ಟುವ ಮುನ್ನವೇ ಕೇಳಲಿ, ಪ್ರಮಾಣಪತ್ರಕ್ಕೆ ಸಹಿ ಮಾಡುವ ಲೆವೆಲ್ ಮೂರರವರ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ ಎಂದು ನೋಡಲಿ. ಇನ್ನೊಂದು: ಈ ಕೆಲಸಕ್ಕೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಕಡ್ಡಾಯ. ಹನ್ನೆರಡು ಅಂಗುಲ ದೂರದಲ್ಲಿ ಹಿಡಿದ ಜೇಗರ್ ಕಾರ್ಡಿನ ಎರಡನೆಯ ಗಾತ್ರದ ಸಣ್ಣ ಅಕ್ಷರಗಳನ್ನು ಓದಲೇಬೇಕು, ಕನ್ನಡಕ ಹಾಕಿಕೊಂಡು ಓದಬಹುದು. ನಲವತ್ತು ದಾಟಿದ ನಾನು ಕನ್ನಡಕವಿಲ್ಲದೆ ಹೋಗಿ ಒಂದು ದಿನ ಕಳೆದುಕೊಂಡೆ. ಸೇರುವ ಮೊದಲೇ ಕಣ್ಣು ತೋರಿಸಿ, ಓದುವ ಕನ್ನಡಕ ಮಾಡಿಸಿಕೊಂಡು ಹೋಗಿ.